ನಡೆದಾಗ ಉಣ್ಣುವ ಡಿಸ್ಕು

ಇವತ್ತು ಬೆಳಿಗ್ಗೆ ಹಾಸಿಗೆ ಬಿಟ್ಟು ಎದ್ದ ಗಳಿಗೆಯಲ್ಲಿ ನೀವು ನಿನ್ನೆ ರಾತ್ರಿಗಿಂತ ಎತ್ತರವಾಗಿದ್ದಿರಿ! ಒಂದರಿಂದ ಎರಡು ಸೆಂಟಿಮೀಟರಿನಷ್ಟು. ಮುಖ ತೊಳೆದು, ಕಾಫಿ ಕುಡಿದು, ಬಾಗಿಲಿಗೆ ನೀರು ಹಾಕುವ ಹೊತ್ತಿಗೆ, ಅಂದರೆ ಎದ್ದ ಮೊದಲ ಒಂದು ಗಂಟೆಯೊಳಗೇ, ಅದರಲ್ಲಿ ಅರ್ಧದಷ್ಟನ್ನು ಕಳೆದುಕೊಂಡಿರಿ. ಸಂಜೆಗೆ ಮಿಕ್ಕದ್ದೂ ಹೋಗಿರುತ್ತದೆ. ನಾಳೆ ಮುಂಜಾನೆ ಮತ್ತೆ ಬೆಳೆದಿರುತ್ತೀರಿ. ರಾಜನಿಗೂ ಕೂಲಿಯವನಿಗೂ, ಎಳೆಯರಿಗೂ ಮುದುಕರಿಗೂ ದಿನವೂ ನಡೆಯುವ ಏರಿಳಿತ ಇದು. ನಾವು ಮಾತ್ರ ಒಂದು ದಿನವೂ ಗಮನಿಸಿರುವುದಿಲ್ಲ.

ಇದನ್ನೆಲ್ಲ ಮಾಡುವುದು ಬೆನ್ನುಮೂಳೆಯ ಮಣಿಗಳ ನಡುವೆ ಕೂತಿರುವ 23 ಡಿಸ್ಕುಗಳು. ಹಗಲು ಮೈಭಾರ ಅವುಗಳಿಂದ ನೀರನ್ನು ಹಿಂಡುತ್ತದೆ. ರಾತ್ರಿ ನಾವು ಅಡ್ಡಾದ ಕೂಡಲೇ ಅವು ನೀರನ್ನು ಒಳಕ್ಕೆ ಎಳೆದುಕೊಂಡು ಉಬ್ಬುತ್ತವೆ. ಮೈಗೆ ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಹಿಂಡುವವರು ಯಾರೂ ಇಲ್ಲವಲ್ಲ, ಅಲ್ಲಿ ಗಗನಯಾತ್ರಿಗಳು 5 ಸೆಂಟಿಮೀಟರಿನವರೆಗೂ ಉದ್ದವಾಗುತ್ತಾರೆ! ಆದರೆ ಅಷ್ಟು ಉಬ್ಬಿದ ಡಿಸ್ಕು ಭೂಮಿಗೆ ಮರಳಿದ ಮೇಲೆ ಕಾಡುತ್ತದೆ. ಅಮೆರಿಕದ ಗಗನಯಾತ್ರಿಗಳ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವರಲ್ಲಿ ಡಿಸ್ಕ್ ಹರಿದು ಹೊರಚಾಚುವ ಸಂಭವ ಇತರರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಕಂಡುಕೊಂಡಿತು.

ನನ್ನನ್ನು ಈ ಬೆರಗಿನೊಳಕ್ಕೆ ಎಳೆದು ಹಾಕಿದವನು ಮದ್ದೂರು ತಾಲ್ಲೂಕು ಸೋಮನಹಳ್ಳಿಯ ನನ್ನ ಅಣ್ಣ, ದೊಡ್ಡಪ್ಪನ ಮಗ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆಲ್ಲ ಸೋಮನಹಳ್ಳಿ ಎಂದರೆ ಎಸ್. ಎಂ. ಕೃಷ್ಣ ಅವರ ಊರು. ಅಣ್ಣನದು ತೆಂಗು, ಕಬ್ಬು, ಎರಡು ಸೀಮೆ ಹಸು. ಕಳೆದ ಸುಗ್ಗಿಯಲ್ಲಿ ಫೋನು ಮಾಡಿದ್ದ. "ಸೊಂಟದಿಂದ ಹಿಮ್ಮಡಿಗಂಟ ಎಳೀತದೆ ಕನ್ಲಾ. ಕೂತ್ರೆ ಕೂರಕ್ಕಾಗಲ್ಲ, ನಿಂತ್ರೆ ನಿಲ್ಲಕ್ಕಾಗಲ್ಲ. ಕಿರುಬೆರಳು ಐತೋ ಇಲ್ವೋ ಗೊತ್ತಾಗಕಿಲ್ಲ." ಎಣ್ಣೆ ತಿಕ್ಕಿಸಿದ್ದಾಯಿತು, ಪಟ್ಟು ಹಾಕಿಸಿದ್ದಾಯಿತು, ಮಾತ್ರೆ ನುಂಗಿದ್ದಾಯಿತು, ವಾರಗಟ್ಟಲೆ ಕಾದದ್ದೂ ಆಯಿತು. ಕೊನೆಗೆ ಬೆಂಗಳೂರಿನಲ್ಲಿ ಎಂಆರ್‌ಐ. ಬೆನ್ನುಮೂಳೆಯ ಕಟ್ಟಕಡೆಯ ಡಿಸ್ಕು ಎಡಕ್ಕೆ ಹರಿದು, ಅದರ ಚೂರೊಂದು ಕಾಲಿಗಿಳಿಯುವ ನರದ ಬುಡದ ಮೇಲೆ ಕೂತಿತ್ತು. ಎಡಗಾಲಿನ ತುದಿಬೆರಳ ಮೇಲೆ ನಿಲ್ಲು ಅಂದರೆ ನಿಲ್ಲಲಾರ. ಸಣ್ಣ ರಂಧ್ರದ ಆಪರೇಷನ್, ಮಾರನೆಯ ದಿನ ಮನೆಗೆ ಹೋಗಬಹುದು ಎಂದರು ಡಾಕ್ಟರು.

ಮಾರನೆಯ ದಿನವೇ! ಬೆನ್ನುಮೂಳೆ ಬಿಚ್ಚಿಸಿಕೊಂಡವನು ಮಾರನೆಯ ದಿನ ಎದ್ದು ನಡೆದು ಊರಿಗೆ ಹೋಗುವುದೆಂದರೆ ಏನು? ನಮ್ಮ ಅಜ್ಜಂದಿರ ಕಾಲದಲ್ಲಿ ಇದೇ ನೋವಿಗೆ ಮನುಷ್ಯ ಕೋಲೂರಿಕೊಂಡು ಓರೆಯಾಗಿ ನಡೆಯುತ್ತ ಜೀವ ಸವೆಸುತ್ತಿದ್ದ. ಆ ಚೂರು ಏನು, ಅದು ಯಾಕೆ ಅಷ್ಟು ನೋಯಿಸುತ್ತದೆ, ಅದನ್ನು ತೆಗೆದ ಮೇಲೆ ಉಳಿದ ಗಾಯವನ್ನು ಮಾಯಿಸುವವರು ಯಾರು ಎಂದು ಹುಡುಕುತ್ತ ಹೋದೆ. ಒಂದೊಂದು ಉತ್ತರವೂ ಹಿಂದಿನದ್ದಕ್ಕಿಂತ ಅಚ್ಚರಿಯದು.

ಮೊದಲು ಡಿಸ್ಕನ್ನೇ ನೋಡಿ. ದೇಶದ ದೊಡ್ಡ ಎಳನೀರು ಮಾರುಕಟ್ಟೆಗಳಲ್ಲೊಂದು ಮದ್ದೂರಿನಲ್ಲಿದೆ. ಅಲ್ಲಿ ಕತ್ತಿ ಬಿದ್ದು ಸೀಳಿದ ಎಳನೀರನ್ನು ನೋಡಿದವರಿಗೆ ಡಿಸ್ಕಿನ ರಚನೆ ಹೇಳುವುದು ಸುಲಭ: ಹೊರಗೆ ಜಗ್ಗಿದರೂ ಬಗ್ಗದ ನಾರು, ಒಳಗೆ ಬೆರಳಿಗೆ ನಿಲ್ಲದ ಗಂಜಿ. ಆದರೆ ಡಿಸ್ಕಿನ ನಾರಿನ ಕಟ್ಟುವಿಕೆ ಇದೆಯಲ್ಲ, ಅದರ ಮುಂದೆ ಯಾವ ನೇಯ್ಗೆಯವನೂ ತಲೆಬಾಗಬೇಕು. ಒಂದರ ಸುತ್ತ ಒಂದರಂತೆ 15ರಿಂದ 25 ಪದರ. ಒಂದು ಪದರದ ಎಳೆಗಳು ಅಡ್ಡಗೆರೆಗೆ ಸುಮಾರು 30 ಡಿಗ್ರಿ ಓರೆಯಾಗಿ ಬಲಕ್ಕೆ ವಾಲಿದ್ದರೆ, ಅದರ ಹೊರಗಿನ ಪದರದ್ದು ಅಷ್ಟೇ ಓರೆಯಾಗಿ ಎಡಕ್ಕೆ. ನೀವು ಯಾವ ಕಡೆಗೆ ತಿರುಗಿದರೂ ಅರ್ಧದಷ್ಟು ಎಳೆಗಳು ಬಿಗಿದು ಹಿಡಿಯುತ್ತವೆ. ಒಳಗಿನ ತಿರುಳು ಎಳೆವಯಸ್ಸಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿ ಬರೀ ನೀರು.

ಆ ತಿರುಳು ಬಂದದ್ದಾದರೂ ಎಲ್ಲಿಂದ? ತಾಯ ಗರ್ಭದಲ್ಲಿ ಮೂರನೆಯ ವಾರ, ಮೂಳೆ ಎಂಬುದೇ ಇಲ್ಲದ ಹೊತ್ತಿನಲ್ಲಿ, ಭ್ರೂಣದ ನಡುಮಧ್ಯೆ ಒಂದು ಮೆತ್ತನೆಯ ಸರಳು ಮೂಡುತ್ತದೆ. ನೋಟೋಕಾರ್ಡ್ ಎಂಬ ಇದು ಮೀನಿನ, ಕಪ್ಪೆಯ, ಹಕ್ಕಿಯ ಭ್ರೂಣಗಳಲ್ಲೂ ಉಂಟು. ಬೆನ್ನೆಲುಬಿರುವ ಎಲ್ಲ ಜೀವಿಗಳ ಮೊದಲ ಬೆನ್ನು ಅದೇ. ಮುಂದೆ ಮೂಳೆಯ ಮಣಿಗಳು ಅದರ ಸುತ್ತ ಬೆಳೆದು ಅದನ್ನು ಅಳಿಸಿಹಾಕುತ್ತವೆ. ಮಣಿ ಮಣಿಗಳ ನಡುವೆ ಮಾತ್ರ ಅದರ ಪಳೆಯುಳಿಕೆ ಉಳಿಯುತ್ತದೆ. ಡಿಸ್ಕಿನ ತಿರುಳು ಅದು! ಅಣ್ಣನ ನರದ ಮೇಲೆ ಬಂದು ಕೂತದ್ದು, ಅವನಿಗೆ ಕೈಕಾಲು ಮೂಡುವ ಮುಂಚಿನ ಬೆನ್ನಿನ ಒಂದು ತುಣುಕು.

ಇನ್ನೂ ಇದೆ. ಈ ಡಿಸ್ಕಿನೊಳಗೆ ರಕ್ತ ಹರಿಯುವುದಿಲ್ಲ. ಮನುಷ್ಯನ ದೇಹದಲ್ಲಿ ರಕ್ತನಾಳವಿಲ್ಲದ ಅತಿ ದೊಡ್ಡ ಭಾಗ ಇದು. ನಡುವಿನ ಜೀವಕೋಶಕ್ಕೆ ಹತ್ತಿರದ ರಕ್ತನಾಳವೇ 8 ಮಿಲಿಮೀಟರಿನಷ್ಟು ದೂರ. ಹಾಗಾದರೆ ಆ ಕೋಶಗಳು ಬದುಕುವುದು ಹೇಗೆ? ಮೇಲೂ ಕೆಳಗೂ ಇರುವ ಮಣಿಗಳ ತೆಳು ಮೃದ್ವಸ್ಥಿಯ ಮೂಲಕ ಗ್ಲೂಕೋಸೂ ಆಮ್ಲಜನಕವೂ ಅಷ್ಟಷ್ಟೇ ಒಸರಿಕೊಂಡು ಬರಬೇಕು, ಕೊಳೆ ಹಾಗೆಯೇ ಒಸರಿ ಹೊರಗೆ ಹೋಗಬೇಕು. ಭಾರ ಬಿದ್ದಾಗ ದ್ರವ ಹೊರಕ್ಕೆ, ಭಾರ ಇಳಿದಾಗ ಒಳಕ್ಕೆ. ಈ ಬರುಹೋಗು ನಡೆಯುತ್ತಿರಬೇಕಾದರೆ ಮನುಷ್ಯ ಅಲುಗಾಡುತ್ತಿರಬೇಕು. ಆಪರೇಷನ್ ಆದವರನ್ನು ಇವತ್ತಿನ ಡಾಕ್ಟರುಗಳು ಮಂಚದಿಂದ ಎಬ್ಬಿಸಿ ನಡೆಸುವುದೇಕೆ ಎಂಬುದು ನನಗೆ ಹೊಳೆದದ್ದು ಇಲ್ಲಿಗೆ ಬಂದಾಗ.

ನೋವಿನ ಕಥೆಯೂ ನಾವು ಎಣಿಸಿದಂತಿಲ್ಲ. ಚೂರು ನರವನ್ನು ಒತ್ತುತ್ತದೆ, ಅದಕ್ಕೇ ನೋವು ಎಂದು ಎಲ್ಲರೂ ತಿಳಿದಿದ್ದರು. 1993ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಒಲ್‌ಮಾರ್ಕರ್, ರೀಡವಿಕ್ ಮತ್ತು ಸಂಗಡಿಗರು ಹಂದಿಗಳ ನರದ ಬುಡಕ್ಕೆ ಡಿಸ್ಕಿನ ತಿರುಳನ್ನು ಸುಮ್ಮನೆ ಸವರಿದರು. ಒತ್ತಲಿಲ್ಲ, ಹಿಸುಕಲಿಲ್ಲ. ಆದರೂ ನರದ ಕೆಲಸ ಕುಂದಿತು! ಜೀವಮಾನವಿಡೀ ರಕ್ತದ ಸೋಂಕಿಲ್ಲದೆ ಮುಚ್ಚಿಟ್ಟಿದ್ದ ತಿರುಳು ಹೊರಗೆ ಬಂದಾಗ ಅಲ್ಲಿ ಉರಿಯೂತ ಏಳುತ್ತದೆ. ಉರಿಯೂತದಲ್ಲಿ ಕುದಿಯುತ್ತಿರುವ ನರ ಸಣ್ಣ ಒತ್ತಡಕ್ಕೂ ಕಿರುಚುತ್ತದೆ.

ಈ ಉರಿಯೂತವೇ ಮದ್ದೂ ಹೌದು! ನಾನು ದಂಗಾಗಿ ಕೂತದ್ದು ಇಲ್ಲಿ. ಹೊರಬಂದ ಚೂರನ್ನು ನಮ್ಮ ರಕ್ಷಣಾ ವ್ಯವಸ್ಥೆ ಈ ಮೊದಲು ಕಂಡೇ ಇಲ್ಲ, ಹಾಗಾಗಿ ಅದನ್ನು ಪರಕೀಯ ಎಂದು ಬಗೆಯುತ್ತದೆ. ಚೂರಿನ ಸುತ್ತ ಹೊಸ ರಕ್ತನಾಳಗಳು ಚಿಗುರುತ್ತವೆ, ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಧಾವಿಸುತ್ತವೆ, ಕಿಣ್ವಗಳು ಅದನ್ನು ಕರಗಿಸುತ್ತವೆ. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ ಹೀಗಿದೆ: ಡಿಸ್ಕು ಬರೀ ಉಬ್ಬಿದ್ದರೆ ಅದು ತಾನಾಗಿ ಕುಗ್ಗುವುದು ನೂರಕ್ಕೆ 13 ಮಂದಿಯಲ್ಲಿ, ತಿರುಳು ಹರಿದು ಹೊರಚಾಚಿದ್ದರೆ 70 ಮಂದಿಯಲ್ಲಿ, ಚೂರು ಪೂರ್ತಿ ಕಳಚಿ ಬೇರೆಯಾಗಿಬಿಟ್ಟಿದ್ದರೆ 96 ಮಂದಿಯಲ್ಲಿ! ಎಂಆರ್‌ಐ ಚಿತ್ರದಲ್ಲಿ ಅತ್ಯಂತ ಭಯಂಕರವಾಗಿ ಕಾಣುವುದೇ ಕುಗ್ಗುವುದರಲ್ಲಿ ಮುಂದು.

ಹಾಗಿದ್ದರೆ ಆಪರೇಷನ್ ಯಾಕೆ? ಬಹಳ ಜನಕ್ಕೆ ಬೇಡ. ನಾರ್ವೆಯ ಹೆನ್ರಿಕ್ ವೆಬರ್ 1983ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದಲ್ಲಿ, ಆಪರೇಷನ್ ಆದವರು ಮೊದಲ ವರ್ಷ ಉಳಿದವರಿಗಿಂತ ಚೆನ್ನಾಗಿದ್ದರು. ನಾಲ್ಕನೆಯ ವರ್ಷಕ್ಕೆ ಅಂತರ ಕರಗುತ್ತ ಬಂದು, ಹತ್ತನೆಯ ವರ್ಷಕ್ಕೆ ಇಲ್ಲವಾಯಿತು. ಆದರೆ ಆ ಮೊದಲ ವರ್ಷವನ್ನು ಅಣ್ಣನಂಥವನು ಎಲ್ಲಿಂದ ತರುವುದು? ಕಬ್ಬು ಕಟಾವಿಗೆ ಬಂದಿರುತ್ತದೆ, ಹಸು ಹಾಲಿಗೆ ನಿಂತಿರುತ್ತದೆ. ಆರು ವಾರ ಕಾದರೂ ತಗ್ಗದ ನೋವು, ದಿನದಿಂದ ದಿನಕ್ಕೆ ಸೋಲುವ ಕಾಲು, ಇವು ಆಪರೇಷನ್ನಿಗೆ ನ್ಯಾಯವಾದ ಕಾರಣಗಳೇ. ಇನ್ನೊಂದನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು: ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಮರಗಟ್ಟಿದರೆ, ಅಥವಾ ಎರಡೂ ಕಾಲು ಒಟ್ಟಿಗೆ ಸೋತರೆ, ಅದು ಕಾಯುವ ಮಾತಲ್ಲ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಓಡುವ ಮಾತು.

ಕಾಲುನೋವಿನ ಮೂಲ ಬೆನ್ನಿನ ಡಿಸ್ಕಿನಲ್ಲಿದೆ ಎಂಬುದು ವೈದ್ಯಲೋಕಕ್ಕೆ ಗಟ್ಟಿಯಾಗಿ ಗೊತ್ತಾಗಿ ನೂರು ವರ್ಷವೂ ಆಗಿಲ್ಲ. ಅದಕ್ಕೆ ಮೊದಲು ಶಸ್ತ್ರವೈದ್ಯರು ಇಂಥ ಚೂರುಗಳನ್ನು ಕಂಡಿದ್ದರು, ಗೆಡ್ಡೆ ಎಂದು ತಿಳಿದು ಬಾಟಲಿಯಲ್ಲಿ ಹಾಕಿಟ್ಟಿದ್ದರು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1932ರಲ್ಲಿ ಒಬ್ಬ ರೋಗಿಯಿಂದ ತೆಗೆದ ಇಂಥದ್ದೇ 'ಗೆಡ್ಡೆ'ಯನ್ನು ಜೋಸೆಫ್ ಬಾರ್ ಮತ್ತು ವಿಲಿಯಂ ಮಿಕ್ಸ್‌ಟರ್ ಅನುಮಾನದಿಂದ ನೋಡಿದರು. ಹಳೆಯ ಬಾಟಲಿಗಳನ್ನೂ ಹೊರಗೆ ತೆಗೆಸಿ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಎಷ್ಟೋ ಗೆಡ್ಡೆಗಳು ಗೆಡ್ಡೆಗಳೇ ಅಲ್ಲ, ಹರಿದ ಡಿಸ್ಕಿನ ತುಣುಕುಗಳು! 1934ರಲ್ಲಿ ಅವರ ಲೇಖನ ಅಚ್ಚಾಯಿತು. ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿದ್ದ ಉತ್ತರ ಅದು, ಕೇಳುವವರಿಗಾಗಿ ಕಾದಿತ್ತು.

ಆಗಿನ ಆಪರೇಷನ್ ದೊಡ್ಡದು. ಬೆನ್ನನ್ನು ಉದ್ದಕ್ಕೆ ಕುಯ್ದು, ಮಾಂಸವನ್ನು ಮೂಳೆಯಿಂದ ಬಿಡಿಸಿ, ಮೂಳೆಯನ್ನೂ ಕತ್ತರಿಸಿ ಒಳಗೆ ಹೋಗಬೇಕಿತ್ತು. 1977ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಬೇರೆ ಬೇರೆಯಾಗಿ ಸೂಕ್ಷ್ಮದರ್ಶಕವನ್ನು ಇದಕ್ಕೆ ತಂದರು, ಗಾಯ ಕುಗ್ಗಿತು. ಅಮೆರಿಕದಲ್ಲಿ ಪರ್ವಿಜ್ ಕಾಂಬಿನ್, ಜಪಾನಿನಲ್ಲಿ ಹಿಜಿಕಾಟ ಎಪ್ಪತ್ತರ ದಶಕದಲ್ಲೇ ಬೆನ್ನಿನ ಪಕ್ಕದಿಂದ ಸಣ್ಣ ಕೊಳವೆ ತೂರಿಸುವ ದಾರಿ ಹುಡುಕುತ್ತಿದ್ದರು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಮಾಡಿದ್ದು ನನಗೆ ಎಲ್ಲಕ್ಕಿಂತ ಸುಂದರವಾಗಿ ಕಂಡಿತು: ಮಾಂಸಖಂಡವನ್ನು ಕತ್ತರಿಸುವುದೇ ಬೇಡ. ಮೊದಲು ಒಂದು ತೆಳ್ಳನೆಯ ಕಡ್ಡಿ ಇಳಿಸಿ, ಅದರ ಮೇಲೆ ಸ್ವಲ್ಪ ದಪ್ಪದ ಕೊಳವೆ, ಅದರ ಮೇಲೆ ಇನ್ನೂ ದಪ್ಪದ್ದು, ಹೀಗೆ ಎಳೆಗಳನ್ನು ಮೆಲ್ಲಗೆ ಸರಿಸುತ್ತ ಹೋದರೆ ಎರಡು ಸೆಂಟಿಮೀಟರಿಗೂ ಕಡಿಮೆ ಅಗಲದ ದಾರಿಯಾಯಿತು. ಕೆಲಸ ಮುಗಿಸಿ ಕೊಳವೆ ಎಳೆದುಕೊಂಡರೆ ಸರಿದ ಎಳೆಗಳು ಮತ್ತೆ ತಮ್ಮ ಜಾಗಕ್ಕೆ ಬಂದು ಮುಚ್ಚಿಕೊಳ್ಳುತ್ತವೆ! ಎಂಡೋಸ್ಕೋಪಿನಲ್ಲಾದರೆ ಈ ದಾರಿ ಇನ್ನೂ ಕಿರಿದು, 7–8 ಮಿಲಿಮೀಟರು. ಕೆಲವು ಕಡೆ ಆ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟು, ರೋಗಿ ಎಚ್ಚರವಾಗಿ ಮಾತಾಡುತ್ತಿರುವಾಗಲೇ ಮಾಡುತ್ತಾರೆ. ನರ ಸೋಕಿದರೆ ರೋಗಿಯೇ ಹೇಳುತ್ತಾನೆ.

ಅಣ್ಣನಿಗೆ ಅವನ ಚೂರನ್ನು ಪುಟ್ಟ ಬಾಟಲಿಯಲ್ಲಿ ತೋರಿಸಿದರಂತೆ. ಬಿಳಿಯದು, ಒಂದೂವರೆ ಸೆಂಟಿಮೀಟರಿದ್ದೀತು. "ಇಷ್ಟಕ್ಕಾ ಇಷ್ಟೊಂದು ಆಡಿಸ್ತು" ಎಂದನಂತೆ. ಮಂಪರಿನಿಂದ ಎದ್ದ ಕೂಡಲೇ ಅವನು ಗಮನಿಸಿದ್ದು ಬೆನ್ನಿನ ಗಾಯವನ್ನಲ್ಲ. ಕಾಲಿನ ಎಳೆತ ಇಲ್ಲ. ತಿಂಗಳುಗಳಿಂದ ಬಿಡದೆ ಹಿಡಿದಿದ್ದದ್ದು ಒಮ್ಮೆಗೇ ಇಲ್ಲ. ಕಿರುಬೆರಳು ಮಾತ್ರ ಇನ್ನೂ ಮರಗಟ್ಟಿತ್ತು.

ಮನೆಯಲ್ಲಿ ದೊಡ್ಡವ್ವ ಕಾದಿದ್ದರು. ಹಾಸಿಗೆ ಹಾಸಿತ್ತು, ಕಾಲು ಸೂಪು ಒಲೆಯ ಮೇಲಿತ್ತು. "ಬೆನ್ನು ಕುಯ್ಸ್ಕಂಡು ಬಂದವ್ನೆ, ಮೂರು ತಿಂಗ್ಳು ನೆಲ ಮುಟ್ಟಂಗಿಲ್ಲ" ಎಂಬುದು ಅವರ ತೀರ್ಪು. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ತಿರುಗಾಮುರುಗ: ದಿನಕ್ಕೆ ನಾಲ್ಕೈದು ಸಲ ನಡೆಯಬೇಕು, ದಿನದಿನಕ್ಕೆ ದೂರ ಹೆಚ್ಚಿಸಬೇಕು, ಒಂದೇ ಕಡೆ ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದು, ಆರು ವಾರ ಬಗ್ಗಿ ಎತ್ತಬಾರದು, ಸೊಂಟ ತಿರುಚಬಾರದು. ದೊಡ್ಡವ್ವನ ಅಕ್ಕರೆಯ ಹಿಂದೆ ಒಂದು ಕಾಲದ ವೈದ್ಯಶಾಸ್ತ್ರವೇ ಇದೆ ಎಂಬುದನ್ನು ಮರೆಯಬಾರದು. ಬೆನ್ನುನೋವಿಗೆ ವಾರಗಟ್ಟಲೆ ಮಂಚ ಹಿಡಿಸುತ್ತಿದ್ದವರು ಡಾಕ್ಟರುಗಳೇ. ಅದು ಕಳಚಿ ಬಿದ್ದದ್ದು ತೊಂಬತ್ತರ ದಶಕದಲ್ಲಿ. 1995ರಲ್ಲಿ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ, ಬೆನ್ನು ಹಿಡಿದುಕೊಂಡವರಲ್ಲಿ ಮಲಗಿದವರಿಗಿಂತ ಆದಷ್ಟು ಓಡಾಡಿಕೊಂಡಿದ್ದವರೇ ಬೇಗ ಸುಧಾರಿಸಿದರು. 1996ರಲ್ಲಿ ಸ್ಟ್ಯಾನ್‌ಫರ್ಡಿನ ಯುಜೀನ್ ಕ್ಯಾರಗೀ ಇನ್ನೂ ಧೈರ್ಯ ಮಾಡಿದರು: ಡಿಸ್ಕ್ ಆಪರೇಷನ್ ಆದ 50 ಮಂದಿಗೆ ಯಾವ ನಿರ್ಬಂಧವನ್ನೂ ಹಾಕದೆ, ಆದಷ್ಟು ಬೇಗ ಕೆಲಸಕ್ಕೆ ಮರಳಿ ಎಂದರು. ಅವರಲ್ಲಿ ಬಹಳಷ್ಟು ಜನ ವಾರಗಳಲ್ಲೇ ಕೆಲಸದಲ್ಲಿದ್ದರು, ಹೆಚ್ಚಿನ ಕೇಡೇನೂ ಆಗಲಿಲ್ಲ. ಆದರೂ ನನಗನ್ನಿಸುವುದು, ಮೇಜಿನ ಮುಂದೆ ಕೂರುವವರಿಗೆ ಹೇಳುವ ಮಾತನ್ನು ಕಬ್ಬಿನ ಹೊರೆ ಎತ್ತುವವರಿಗೆ ಹಾಗೇ ಹೇಳಲಾಗದು. ಅಣ್ಣನ ಡಾಕ್ಟರು ಆರು ವಾರ ಎಂದದ್ದು ಸರಿ.

ಯಾಕೆಂದರೆ ಆ ಹೊರೆಯ ಲೆಕ್ಕವನ್ನೂ ಒಬ್ಬರು ತೆಗೆದಿದ್ದಾರೆ. ಡಿಸ್ಕಿನೊಳಗಿನ ಒತ್ತಡವನ್ನು ಬದುಕಿರುವ ಮನುಷ್ಯರಲ್ಲೇ ಅಳೆಯಲು ಅರವತ್ತರ ದಶಕದಲ್ಲಿ ಸೂಜಿ ಇಳಿಸಿದವರು ಸ್ವೀಡನ್ನಿನ ಆಲ್ಫ್ ನಾಚೆಮ್ಸನ್. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲಿ ಸಂವೇದಕವನ್ನಿಟ್ಟು, ಅವನು ಮಲಗಿದಾಗ, ಎದ್ದಾಗ, ನಕ್ಕಾಗ, ನಡೆದಾಗ ಏನಾಗುತ್ತದೆಂದು ಬರೆದುಕೊಂಡರು. ತನ್ನ ಬೆನ್ನುಮೂಳೆಯ ಒಳಕ್ಕೇ ಅಳತೆಗೋಲು ಇಳಿಸಿಕೊಂಡ ಆ ಮನುಷ್ಯನಿಗೆ ಸಾವಿರ ನಮಸ್ಕಾರ! ಅಂಗಾತ ಮಲಗಿದಾಗ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೊ ಭಾರ. ನಿಂತಾಗ ಐದು. 20 ಕಿಲೊ ತೂಕವನ್ನು, ಅಂದರೆ ಅರ್ಧ ಮೂಟೆಗಿಂತಲೂ ಕಡಿಮೆಯದನ್ನು, ಮೈಗೆ ಒತ್ತಿಕೊಂಡು ನಿಂತಾಗ ಹನ್ನೊಂದು. ಅದನ್ನೇ ಮಂಡಿ ಮಡಚಿ ಎತ್ತಿದಾಗ ಹದಿನೇಳು. ಸೊಂಟ ಬಗ್ಗಿಸಿ, ಬೆನ್ನು ಗುಂಡಗೆ ಮಾಡಿ ಎತ್ತಿದಾಗ ಇಪ್ಪತ್ತಮೂರು! ಅದೇ ಮನುಷ್ಯ, ಅದೇ 20 ಕಿಲೊ. ರಾತ್ರಿ ನಿದ್ದೆಯಲ್ಲಿ ಒತ್ತಡ ತಾನಾಗಿ ಏರುತ್ತ ಹೋಗಿ ಬೆಳಗಿನ ಹೊತ್ತಿಗೆ ಎರಡು ಪಟ್ಟಿಗೂ ಮೀರಿತ್ತು. ಡಿಸ್ಕು ನೀರು ಕುಡಿದು ಉಬ್ಬಿತ್ತು. ಹಸುವಿನ ಕೊಟ್ಟಿಗೆಯ ಬಾಗುವ ಕೆಲಸವನ್ನು ಎದ್ದ ತಕ್ಷಣ ಮಾಡದೆ ಒಂದು ಗಂಟೆ ಬಿಟ್ಟು ಮಾಡು ಎಂದು ಫಿಸಿಯೋ ಅಣ್ಣನಿಗೆ ಹೇಳಿದ್ದರ ಕಾರಣ ಇದೇ.

ಡಿಸ್ಕು ಹರಿದ ಜಾಗದ ಕಥೆ ಹೀಗೆ. ಒಳಗಿನ ಚೂರು ಹೋಯಿತು, ಆದರೆ ನಾರಿನ ಗೋಡೆಯಲ್ಲಿ ಬಿರುಕು ಹಾಗೇ ಇದೆ. ಅದನ್ನು ಸಾಮಾನ್ಯವಾಗಿ ಯಾರೂ ಹೊಲಿಯುವುದಿಲ್ಲ. ಅಂಚಿನಲ್ಲಿರುವ ಅಷ್ಟಿಷ್ಟು ರಕ್ತನಾಳಗಳ ಬಲದಿಂದ ಅಲ್ಲಿ ಮೆಲ್ಲಗೆ ಕಲೆಯ ಅಂಗಾಂಶ ಕಟ್ಟಿಕೊಳ್ಳುತ್ತದೆ, ವಾರಗಟ್ಟಲೆ ತಿಂಗಳುಗಟ್ಟಲೆ. ಮುಂಚಿನ ನೇಯ್ಗೆ ಬರುವುದಿಲ್ಲ, ಆದರೆ ಮುಚ್ಚಿಕೊಳ್ಳುತ್ತದೆ. ನೂರರಲ್ಲಿ 5ರಿಂದ 15 ಮಂದಿಗೆ ಅಲ್ಲೇ ಮತ್ತೆ ಹರಿಯುವುದುಂಟು. ಹಾಗಾಗಿ ಮುದ್ದೆಗೆ ನೆಲದ ಮೇಲೆ ಚಕ್ಕಂಬಟ್ಟಲು ಹಾಕುವ ಅಣ್ಣ ಟೇಬಲ್ಲಿಗೆ ಬಂದ. ಕುಕ್ಕರುಗಾಲಿನ ಕಕ್ಕಸಿನ ಮೇಲೆ ಕಮೋಡ್ ಕುರ್ಚಿ ಬಂತು. ನೋವಿನ ಮಾತ್ರೆಯಿಂದ ಹೊಟ್ಟೆ ಕಟ್ಟುತ್ತದೆ, ಮುಕ್ಕಿದರೆ ಡಿಸ್ಕಿಗೆ ಒತ್ತಡ. ಅದಕ್ಕೆ ಅತ್ತಿಗೆ ಸೊಪ್ಪಿನ ಸಾರು, ಬಾಳೆಹಣ್ಣು ತಪ್ಪಿಸಲಿಲ್ಲ. ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈಯೂರಿ. ಇಷ್ಟು ಕಲಿಯಲು ಅಣ್ಣನಿಗೆ ಬಹಳ ದಿನ ಬೇಕಾಯಿತು, ಬೆನ್ನು ಹೇಗೆ ಏಳುತ್ತದೆಂದು ಯೋಚಿಸಿ ಎದ್ದವನೇ ಅಲ್ಲ ಅವನು.

ಮತ್ತೆ ನಡಿಗೆ. ಮೊದಲು ಜಗುಲಿಯಿಂದ ಬೀದಿಯ ತುದಿ, ಆಮೇಲೆ ತೆಂಗಿನ ತೋಟದ ದಾರಿ, ಆಮೇಲೆ ತೋಟ ಸುತ್ತಿಕೊಂಡು ಬರುವುದು. ಪ್ರತಿ ಹೆಜ್ಜೆಗೂ ಭಾರ ಬೀಳುತ್ತದೆ, ಇಳಿಯುತ್ತದೆ. ದ್ರವ ಹೊರಟು ಮರಳುತ್ತದೆ. ರಕ್ತವಿಲ್ಲದ ಆ ಕೋಶಗಳಿಗೆ ಊಟ ಸಿಗುವ ಹೊತ್ತು ಅದು! 2017ರಲ್ಲಿ ಬೆಲಾವಿ ಮತ್ತು ಸಂಗಡಿಗರು ನಿಯಮಿತವಾಗಿ ಓಡುವವರ ಡಿಸ್ಕುಗಳನ್ನು ಎಂಆರ್‌ಐಯಲ್ಲಿ ನೋಡಿ, ಅವುಗಳಲ್ಲಿ ನೀರು ಹೆಚ್ಚು ಎಂದು ಕಂಡರು. ಚುರುಕು ನಡಿಗೆಗೂ ನಿಧಾನದ ಓಟಕ್ಕೂ ನಡುವಿನ ವೇಗವೇ ಡಿಸ್ಕಿಗೆ ಹೆಚ್ಚು ಹಿತ ಎಂಬ ಸೂಚನೆಯೂ ಅಲ್ಲಿ ಸಿಕ್ಕಿತು. ಹೊಲಕ್ಕೆ ಹೊತ್ತಾಯಿತೆಂದು ನಮ್ಮ ಹಳ್ಳಿಗಳಲ್ಲಿ ಜನ ಬಿರಬಿರನೆ ನಡೆಯುವ ನಡಿಗೆ ಇದೆಯಲ್ಲ, ಬಹುಶಃ ಅದರ ಆಸುಪಾಸು. ಆಪರೇಷನ್ ಆಗಿ ನಾಲ್ಕರಿಂದ ಆರು ವಾರಕ್ಕೆ ವ್ಯಾಯಾಮ ಶುರುಮಾಡಿದವರ ನೋವು ಏನೂ ಮಾಡದವರಿಗಿಂತ ಬೇಗ ಇಳಿಯುತ್ತದೆ ಎಂದು 22 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2014ರ ಕಾಕ್ರೇನ್ ವಿಮರ್ಶೆಯೂ ಹೇಳಿದೆ.

ಬೆನ್ನು ಎಲ್ಲಿಯವರೆಗೆ ಮರಳಬಲ್ಲದು ಎಂದು ನೋಡಬೇಕಾದರೆ ಬೆಂಗಳೂರಿಗೆ ಹೋಗೋಣ. ತಾಯಿಯ ಕಡೆಯಿಂದ ತುಳುನಾಡಿನ ನಂಟಿರುವ ಕ್ರಿಕೆಟಿಗ ಶ್ರೇಯಸ್ ಅಯ್ಯರ್ 2023ರ ಮಾರ್ಚಿನಲ್ಲಿ ಅಹಮದಾಬಾದ್ ಟೆಸ್ಟಿನ ನಡುವೆ ಬೆನ್ನು ಹಿಡಿದು ಆಟ ಬಿಟ್ಟರು. ಡಿಸ್ಕು ನರವನ್ನು ಒತ್ತಿ ನೋವು ಕಾಲಿನ ಕಿರುಬೆರಳವರೆಗೆ ಇಳಿಯುತ್ತಿತ್ತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಣ್ಣನ ಕಿರುಬೆರಳೇ! ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ, ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಳ ಪುನಶ್ಚೇತನ. ಸೆಪ್ಟೆಂಬರ್ 2ರಂದು ಏಷ್ಯಾ ಕಪ್‌ನಲ್ಲಿ ಕಣಕ್ಕಿಳಿದರು. ನಡುವೆ ಬೆನ್ನು ಮತ್ತೆ ಸೆಟೆದುಕೊಂಡು ಪಂದ್ಯಗಳನ್ನು ಬಿಟ್ಟರು. ಚೇತರಿಕೆಯ ದಾರಿ ಯಾರಿಗೂ ನೆಟ್ಟಗಿರುವುದಿಲ್ಲ. ನವೆಂಬರ್ 12, ಚಿನ್ನಸ್ವಾಮಿ ಕ್ರೀಡಾಂಗಣ, ನೆದರ್ಲೆಂಡ್ಸ್ ಎದುರು ವಿಶ್ವಕಪ್ ಪಂದ್ಯ: ಔಟಾಗದೆ 128! ಆ ವಿಶ್ವಕಪ್‌ನಲ್ಲಿ ಒಟ್ಟು 530 ರನ್. ಓಡಿ, ಬಗ್ಗಿ, ತಿರುಗಿ, ಎಗರಿ ಗಳಿಸಿದ ಒಂದೊಂದು ರನ್ನನ್ನೂ ಆ ಬೆನ್ನು ಹೊತ್ತಿತ್ತು.

ಆದರೆ ಕ್ರಿಕೆಟಿಗನಿಗೆ ಮಂಡಳಿ ಇದೆ, ರೈತನಿಗೆ? ಇಲ್ಲಿ ಸೋಮನಹಳ್ಳಿಯ ಹೆಸರು ಮತ್ತೊಮ್ಮೆ ಬರುತ್ತದೆ. ಈ ಊರಲ್ಲಿ 1932ರ ಮೇ 1ರಂದು ಹುಟ್ಟಿದ ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2002ರಲ್ಲಿ, ಯಶಸ್ವಿನಿ ಯೋಜನೆಗೆ ಚಾಲನೆ ಕೊಟ್ಟರು. 2003ರ ಜೂನ್‌ನಿಂದ ಅದು ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯನಾದ ರೈತ ಆಗ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಸಿಗುತ್ತಿತ್ತು. ತಿಂಗಳಿಗೆ ಐದು ರೂಪಾಯಿ! ಡಾ. ದೇವಿ ಶೆಟ್ಟಿ ಅವರು ಮುಂದಿಟ್ಟ ಈ ಕಲ್ಪನೆ ಜಗತ್ತಿನ ಆರೋಗ್ಯತಜ್ಞರ ಗಮನ ಸೆಳೆಯಿತು. ಯೋಜನೆ 2018ರಲ್ಲಿ ನಿಂತು, 2022ರ ಕೊನೆಯಲ್ಲಿ ಮತ್ತೆ ಶುರುವಾಯಿತು. ಆಪರೇಷನ್ ಖರ್ಚಿಗೆ ಜಮೀನು ಅಡವಿಡುವ ರೈತನ ಭಯ ಎಂಥದ್ದೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ಊರಿನವರಲ್ಲಿ ಯಾರನ್ನೇ ಕೇಳಿ, ಅಣ್ಣನ ಡಿಸ್ಕು ಹೋದದ್ದು ಕಬ್ಬಿನ ಹೊರೆಯಿಂದಲೇ ಎನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಆದರೆ ಫಿನ್ಲೆಂಡಿನ 115 ಜೊತೆ ತದ್ರೂಪಿ ಅವಳಿ ಗಂಡಸರನ್ನು ಬ್ಯಾಟಿ, ವಿಡೆಮನ್ ಮತ್ತು ಸಂಗಡಿಗರು ಪರೀಕ್ಷಿಸಿದರು, 1995ರಲ್ಲಿ ಪ್ರಕಟಿಸಿದರು. ಒಬ್ಬ ಜೀವಮಾನವೆಲ್ಲ ಭಾರ ಎತ್ತಿದವನು, ಅವನ ಅವಳಿ ಕೂತು ಕೆಲಸ ಮಾಡಿದವನು. ಇಬ್ಬರ ಡಿಸ್ಕುಗಳ ಸವೆತ ಬೆಚ್ಚಿಬೀಳಿಸುವಷ್ಟು ಒಂದೇ ಬಗೆ! ಸವೆತಕ್ಕೆ ದುಡಿತಕ್ಕಿಂತ ವಂಶದ ಪಾಲು ದೊಡ್ಡದು. ಇನ್ನೊಂದು: ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನದಲ್ಲಿ, ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕು ಉಬ್ಬಿತ್ತು, ಎಂಬತ್ತರವರಲ್ಲಿ 84 ಮಂದಿಗೆ. ನೋವಿಲ್ಲದವರಲ್ಲಿ! ಇದನ್ನು ಓದಿ ಹೇಳಿದಾಗ ಅಣ್ಣ ಬಹಳ ಹೊತ್ತು ಯೋಚಿಸಿದ. "ಅಂಗಾರೆ ನಾನು ಮುರಿದೋದವ್ನಲ್ಲ ಅನ್ನು" ಎಂದ. ಅಲ್ಲವೇ ಅಲ್ಲ. ಬೆನ್ನು ಕೆಟ್ಟುಹೋಯಿತು, ಇನ್ನು ಹುಷಾರಾಗಿ ಕೂತಿರಬೇಕು ಎಂಬ ಭಯದಲ್ಲಿ ಜನ ಬದುಕು ಕುಗ್ಗಿಸಿಕೊಳ್ಳುವುದನ್ನು ಕಂಡಿದ್ದೇನೆ. ಆ ಭಯ ಹರಿದ ಡಿಸ್ಕಿಗಿಂತ ಹೆಚ್ಚು ಮನುಷ್ಯರನ್ನು ಮೂಲೆಗೆ ಕೂರಿಸಿದೆ.

ಆರು ವಾರ ಕಳೆದ ಮೇಲೆ ಅವನ ಜೊತೆ ನಾನೂ ತಪಾಸಣೆಗೆ ಹೋದೆ. ನರದ ಚೇತರಿಕೆಗೂ ಒಂದು ಸರದಿ ಇದೆಯಂತೆ: ಮೊದಲು ನೋವು ಹೋಗುತ್ತದೆ, ಆಮೇಲೆ ಬಲ ಬರುತ್ತದೆ, ಮರಗಟ್ಟಿದ್ದು ಬಿಡುವುದು ಕಟ್ಟಕಡೆಗೆ. ನರದ ಎಳೆಯೇ ಸತ್ತಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದೇ ಮಿಲಿಮೀಟರ್. ಸೊಂಟದಿಂದ ಕಿರುಬೆರಳಿಗೆ ಎಷ್ಟು ದೂರ, ಲೆಕ್ಕ ಹಾಕಿ! ಅಣ್ಣ ಗೋಡೆ ಹಿಡಿದು ಎಡಗಾಲಿನ ತುದಿಬೆರಳ ಮೇಲೆ ಎದ್ದ. ಒಮ್ಮೆ, ಎರಡನೆಯ ಸಲ, ಮೂರನೆಯ ಸಲಕ್ಕೆ ತುಸು ನಡುಗಿದ. ಡಾಕ್ಟರು ಅವನನ್ನು ಕೂರಿಸಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಬಲಗಾಲಿನ ಪಾದ ಜಿಗಿಯಿತು, ಎಡಗಾಲಿನದು ಜಿಗಿಯಲಿಲ್ಲ. ನಾನು ಗಾಬರಿಯಾದೆ. ಅವರು ಹೇಳಿದ್ದು ಇಷ್ಟು: ಈ ಪ್ರತಿಕ್ರಿಯೆ ಎಷ್ಟೋ ಜನರಲ್ಲಿ ಮರಳಿ ಬರುವುದೇ ಇಲ್ಲ, ಪೂರ್ತಿ ಗುಣವಾದವರಲ್ಲೂ, ಹತ್ತು ವರ್ಷದ ಮೇಲೆ ಬೇರೆ ಯಾವ ಡಾಕ್ಟರು ತಟ್ಟಿದರೂ ಇಲ್ಲಿ ಹಿಂದೆ ಡಿಸ್ಕು ಹರಿದಿತ್ತು ಎಂದು ಹೇಳಬಲ್ಲರು, ಆದರೆ ನಡೆಯುವುದಕ್ಕೆ, ಓಡುವುದಕ್ಕೆ, ದುಡಿಯುವುದಕ್ಕೆ ಅದು ಬೇಕಿಲ್ಲ.

"ಟ್ರ್ಯಾಕ್ಟರ್ ಯಾವಾಗ ಸಾರ್?" ಎಂದ ಅಣ್ಣ.

ಇನ್ನೊಂದು ತಿಂಗಳು ತಡೆಯಿರಿ, ಮೊದಲು ಟಾರು ರಸ್ತೆಯಲ್ಲಿ ಓಡಿಸಿ, ಉಳುಮೆ ಆಮೇಲೆ ಎಂದರು ಅವರು. ಮತ್ತೆ ಕೇಳಿದರು, ದಿನಕ್ಕೆ ಎಷ್ಟು ನಡೆಯುತ್ತೀರಿ? ತೋಟಕ್ಕೆ ಮೂರು ಸುತ್ತು ಎಂದ. ಐದು ಮಾಡಿ ಎಂದರು.